ಎಲ್ಲರಿಗೂ ಒಂದೇ ಪುಟ

ಅತಿಥಿಗಳೆಲ್ಲ ಬಂದು ಕೂತಾಗಿತ್ತು. ಆಸ್ಪತ್ರೆಯ ಹೊಸ ವೆಬ್‌ಸೈಟ್ ಮಾತ್ರ ತೆವಳುತ್ತಿತ್ತು. ಸಭಾಂಗಣದ ದೊಡ್ಡ ಪರದೆಯ ಮೇಲೆ ಬರೀ ಬಿಳಿ, ನಡುವೆ ಸುತ್ತುವ ಚಕ್ರ. ಹಿಂದಿನ ಕೋಣೆಯಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ವಿನಾರ್ಸಿಹ್ ಸರ್ವರ್ ಸಂಭಾಳಿಸುತ್ತ ಬೆವರುತ್ತಿದ್ದಳು. ಆಸ್ಪತ್ರೆಗೆ ಆ ವೆಬ್‌ಸೈಟ್ ಕಟ್ಟಿಕೊಟ್ಟ ಕಂಪನಿಯ ಯಜಮಾನ, ನೌಕರರೆಲ್ಲ ಗೌರವದಿಂದ 'ಪಾಕ್' ಎಂದು ಕರೆಯುವ ಹೆಂದಾರ್ತೊ, ಬಂದು ಅವಳ ಬೆನ್ನ ಹಿಂದೆಯೇ ನಿಂತ.

ಸರ್ವರಿನಲ್ಲಿ ಕ್ಯಾಶ್ ಎಂಬ ಅನುಕೂಲವಿತ್ತು. ಒಮ್ಮೆ ತಯಾರಾದ ಪುಟದ ನಕಲನ್ನು ಇಟ್ಟುಕೊಂಡು, ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಕೊಡುವುದು. ವೈದ್ಯರ ಹೆಸರು, ಭೇಟಿಯ ಸಮಯ ಇಂಥ ಪುಟಗಳಿಗೆ ಅವಳು ಅದನ್ನು ಹಾಕಿದ್ದಳು. ರೋಗಿಗಳ ವರದಿಯ ಪುಟವನ್ನು ಬೇಕೆಂದೇ ಬಿಟ್ಟಿದ್ದಳು.

"ಎಲ್ಲದಕ್ಕೂ ಹಾಕಿಬಿಡು, ವಿನ್."

"ವರದಿಗೆ ಹಾಕಿದ್ರೆ ಒಬ್ಬರದ್ದು ಇನ್ನೊಬ್ಬರಿಗೆ ಹೋಗತ್ತೆ, ಪಾಕ್."

"ಸಮಾರಂಭ ಮುಗಿಯೋ ತನಕ ಅಷ್ಟೇ. ಅಷ್ಟರಲ್ಲಿ ಯಾರು ನೋಡ್ತಾರೆ? ಅಲ್ಲಿ ನನ್ನ ಮಾನ ಹೋಗ್ತಾ ಇದೆ."

ಅವಳು ಹಾಕಿದಳು. ಪುಟಗಳು ಪಟಪಟನೆ ತೆರೆದುಕೊಂಡವು. ಚಪ್ಪಾಳೆ ಬಿತ್ತು. ಅತಿಥಿಗಳು ಊಟಕ್ಕೆ ಎದ್ದೊಡನೆ ಅವಳು ಅದನ್ನು ತೆಗೆದಳು.

ಆ ನಡುವೆ ಸುರಬಾಯ ನಗರದ ಇನ್ನೊಂದು ಮೂಲೆಯಲ್ಲಿ, ಗಲ್ಲಿಯೊಂದರಲ್ಲಿ ಸೊಪ್ಪು, ಶೇಂಗಾ ಗೊಜ್ಜಿನ ಪೆಚೆಲ್ ಅನ್ನ ಮಾರುವ ಲಾಸ್ಮಿ ಎಂಬವಳು ಫೋನಿನಲ್ಲಿ ತನ್ನ ವರದಿ ತೆರೆದಿದ್ದಳು. ಕ್ಷಯ. ಅದಾದ ಕೂಡಲೇ ತನ್ನ ಸಕ್ಕರೆಯ ವರದಿ ನೋಡಲು ಕೂತ ಪಕ್ಕದ ಮನೆಯವನಿಗೆ ಕಂಡದ್ದೂ ಲಾಸ್ಮಿಯ ಹೆಸರಿನ ಅದೇ ವರದಿ. ಅವನು ಅದರ ಚಿತ್ರ ತೆಗೆದು ಗಲ್ಲಿಯವರ ಗುಂಪಿಗೆ ಹಾಕಿದ. ಎಚ್ಚರಿಕೆಯಿಂದಿರಿ ಎಂದು ಬರೆದ.

ದೂರು ಬಂದಾಗ ಹೆಂದಾರ್ತೊ ಆಸ್ಪತ್ರೆಯವರ ಮುಂದೆ ತಲೆ ಬಾಗಿಸಿದ. ಹುಡುಗಿಯ ಅಜಾಗರೂಕತೆ, ಕೆಲಸದಿಂದ ತೆಗೆದಿದ್ದೇವೆ ಎಂದ. ನೀವೇ ಹೇಳಿದಿರಲ್ಲ ಎಂದು ವಿನಾರ್ಸಿಹ್ ಎಲ್ಲರೆದುರೂ ಕೇಳಿದಳು. ಅವನ ದನಿ ಏರಲಿಲ್ಲ. "ಒತ್ತಿದ ಕೈ ಯಾರದಮ್ಮ?" ಎಂದ. ಆ ದಿನ ಅದೇ ಕೋಣೆಯಲ್ಲಿದ್ದ ಇಬ್ಬರು ಸಹೋದ್ಯೋಗಿಗಳೂ ತಮ್ಮ ಫೋನಿನೊಳಗೆ ಮುಖ ಹುದುಗಿಸಿದರು.

ಕೆಲವು ವಾರ ಕಳೆದ ಮೇಲೆ ಅವಳು ಆ ಗಲ್ಲಿ ಹುಡುಕಿಕೊಂಡು ಹೋದಳು. ಮಧ್ಯಾಹ್ನದ ಊಟದ ಹೊತ್ತು, ಬೆಂಚುಗಳು ಖಾಲಿ. ಶೇಂಗಾ ಗೊಜ್ಜಿನ ಮೇಲೆ ಕೆನೆ ಕಟ್ಟಿತ್ತು. ತಾನು ಯಾರು, ಏನು ಮಾಡಿದೆ ಎಂಬುದನ್ನು ನಿಂತಲ್ಲೇ ಹೇಳಿದಳು. ಲಾಸ್ಮಿ ಮೇಜು ಒರೆಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಮಾತ್ರೆ ನುಂಗ್ತಾ ಇದೀನಿ. ಇನ್ನು ಯಾರಿಗೂ ಅಂಟಲ್ಲ, ಅಂಗಡಿ ತೆಗಿ ಅಂತ ಡಾಕ್ಟರೇ ಅಂದ್ರು," ಎಂದಳು. "ಆ ಮಾತು ಮಾತ್ರ ಯಾರ ಫೋನಿಗೂ ಬರಲಿಲ್ಲ ನೋಡು."

"ಆ ನಕಲನ್ನ ಅವತ್ತೇ ಅಳಿಸಿದೀನಿ, ಅಮ್ಮ. ಈಗ ಎಲ್ಲೂ ಇಲ್ಲ."

"ಇದೆಯಮ್ಮ. ಇಲ್ಲಿ ಒಂದೊಂದು ಮನೇಲೂ ಇದೆ."

ವಿನಾರ್ಸಿಹ್ ಬೆಂಚಿನ ಮೇಲೆ ಕೂತು ಒಂದು ಊಟ ಕೇಳಿದಳು. ಲಾಸ್ಮಿ ಅವಳ ಮುಖವನ್ನೊಮ್ಮೆ ನೋಡಿ, ಬಾಳೆಲೆ ಹಾಸಿ, ಅನ್ನ, ಬೇಯಿಸಿದ ಸೊಪ್ಪು ಬಡಿಸಿ, ಗೊಜ್ಜು ಸುರಿದಳು. ಆಮೇಲೆ ಸದ್ದಿಲ್ಲದೆ ಹೊರಗೆ ಹೋದಳು. ಗಿರಾಕಿ ಉಂಡು ಮುಗಿಸುವವರೆಗೂ ತನ್ನದೇ ಅಂಗಡಿಯ ಆಚೆ ಬಿಸಿಲಲ್ಲಿ ನಿಂತೇ ಇದ್ದಳು, ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು.