ಠರಾವಿನಲ್ಲಿ ಬಿಟ್ಟದ್ದು

ಅಣ್ಣಿಗೇರಿ ಬಸ್ಸಿನಿಂದ ಇಳಿದವಳೇ ಸಾವಂತ್ರೆವ್ವ ಬಂದು ಶಂಕ್ರಪ್ಪನ ಮನೆಯ ಕಟ್ಟೆಯ ಕೆಳಗೆ ಕೂತಳು. ಮೇಲೆ ಬಾ ಎಂದು ಅವನು ಕರೆಯಲಿಲ್ಲ; ಕರೆದರೂ ಬರುವವಳಲ್ಲ ಎಂಬ ನೆಪ ಅವನಿಗೆ ಸಾಕಾಗಿತ್ತು.

ಒಂಬತ್ತು ವರ್ಷ ಅವಳು ಊರ ಶಾಲೆಯ ಮಣ್ಣಿನ ಹರವಿಗೆ ಕುಡಿಯುವ ನೀರು ತುಂಬಿದ್ದಳು. ಹೋದ ತಿಂಗಳು ಶಾಲೆಯ ಕಮಿಟಿ ಅವಳನ್ನು ಬಿಡಿಸಿತ್ತು. ಇಂದು ಅದರ ದೂರು ಹೇಳಲು ತಾಲೂಕಿನ ಸಾಹೇಬರನ್ನು ಕಂಡು ಬಂದಿದ್ದಳು.

"ಏನಂದ್ರು?"

"ಠರಾವಿನ್ಯಾಗ ಜಾತಿ ಮಾತ ಇಲ್ಲಬೇ ಅಂದ್ರು. ಕುಡಿಯೂ ನೀರಿನ ಬಗ್ಗೆ ಪಾಲಕರು ಮಾತಾಡಿದ್ರು ಅಂತ ಒಂದೈತಂತ. ಇನ್ನ ಮ್ಯಾಲೆ ಗೌರಕ್ಕ ನೀರ ತುಂಬ್ತಾಳ ಅಂತ ಇನ್ನೊಂದು. ಅದರಿಂದನ ಇದಾತು ಅಂತ ಎಲ್ಲೈತಿ ತೋರಸು ಅಂದ್ರು. ನನಗೇನ್ ತಿಳೀತೈತ್ರಿ?"

ಶಂಕ್ರಪ್ಪನಿಗೆ ತಿಳಿಯುತ್ತಿತ್ತು. ಠರಾವು ಬರೆದವನು ಅವನೇ. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ, ಬಿ.ಎ. ಮುಗಿಸಿ ಬಂದು ಐದು ವರ್ಷವಾಗಿತ್ತು. ಕೆಲಸವಿರಲಿಲ್ಲ, ಅಕ್ಷರ ಚೆನ್ನಾಗಿದೆಯೆಂದು ಕಮಿಟಿಯವರು ಕರೆಸುತ್ತಿದ್ದರು. ಠರಾವಾದ ದಿನ ಅಧ್ಯಕ್ಷ ಕುಬೇರಪ್ಪ ಬಾಯಿಬಿಟ್ಟೇ ಹೇಳಿದ್ದ: "ಕೆಳಗಿನ ಓಣಿಯಾಕಿ ಮುಟ್ಟಿದ ನೀರು ನಮ್ಮ ಹುಡುಗೂರು ಕುಡ್ಯಾಂಗಿಲ್ಲ. ಅದಕ್ಕ ಆಕಿನ್ನ ಬಿಡಸೂಣು." ಆಮೇಲೆ ನಕ್ಕಿದ್ದ. "ಹಂಗ ಬರದ್ಗಿರದೀಯೋ ತಮ್ಮಾ, ನನ್ನ ಜೇಲಿಗೆ ಕಳಸ್ತಿ! ಹೈಸ್ಕೂಲಿನ ಕಾರಕೂನಕಿ ನೌಕರಿ ನಿನ್ನ ಬಿಟ್ಟ ಯಾರಿಗೈತಿ?"

ಶಂಕ್ರಪ್ಪ ಸುಳ್ಳು ಬರೆದಿರಲಿಲ್ಲ. ಕಾರಣವನ್ನೂ ತೀರ್ಮಾನವನ್ನೂ ಬಿಡಿಸಿ, ಒಂದರ ಗುರುತು ಒಂದಕ್ಕಿಲ್ಲದ ಎರಡು ಸಂಗತಿಗಳಂತೆ ಬಾಜೂಬಾಜೂ ಕೂರಿಸಿದ್ದ, ಅಷ್ಟೆ. ಯಾವುದು ವಾದ, ಯಾವುದು ಬರೀ ಹೇಳಿಕೆ: ಕಾಲೇಜಿನಲ್ಲಿ ಆ ಪ್ರಶ್ನೆಗೆ ಅವನಿಗೆ ಯಾವಾಗಲೂ ಪೂರ್ತಿ ಅಂಕ. ವಾದವಾದರೆ ಅದನ್ನು ತಪ್ಪೆಂದು ತೋರಿಸಬಹುದು. ಎರಡು ಹೇಳಿಕೆಗಳ ನಡುವಿನ ಮೌನವನ್ನು ಯಾವ ಸಾಹೇಬ ಹಿಡಿದಾನು?

"ನನ್ನ ಕಡೆ ಯಾಕ ಬಂದಿಬೇ?" ಎಂದ.

"ಆ ದಿನಾ ನೀವ ಅಲ್ಲೆ ಕುಂತಿದ್ರಿ. ಅವರಂದದ್ದು ಕೇಳೀರಿ. ಅದಕ್ಕ ಬಂದೇನ್ರಿ."

ಅವಳ ಮಾತಿನಲ್ಲಿ ಕಾರಣವನ್ನೂ ತೀರ್ಮಾನವನ್ನೂ ಬಿಡಿಸಲು ಸಂದೇ ಇರಲಿಲ್ಲ.

ಒಳಗೆ ಪಾತ್ರೆ ತಿಕ್ಕುತ್ತಿದ್ದ ಅವ್ವ ಕೈ ನಿಲ್ಲಿಸಿ, "ಕಾರಕೂನಕಿದು ನೆನಪೈತಿಲ್ಲೋ?" ಅಂದಳು. ನೆನಪಿತ್ತು. ಅದನ್ನೇ ನೆನಪಿಟ್ಟುಕೊಂಡು ಶಂಕ್ರಪ್ಪ ದಣಿದಿದ್ದ.

ಹಾಳೆ ತೆಗೆದು ಬರೆದ: ಆ ಠರಾವು ಬರೆದವನು ನಾನು. ಸಾವಂತ್ರೆವ್ವನನ್ನು ಬಿಡಿಸಿದ್ದು ಅವಳ ಜಾತಿಯ ಕಾರಣಕ್ಕೆ. ಸಭೆಯಲ್ಲಿ ಆಡಿದ ಆ ಕಾರಣವನ್ನು ಬೇಕೆಂದೇ ಬಿಟ್ಟವನೂ ನಾನೇ.

ಸಹಿ ಹಾಕಿ, ಕಟ್ಟೆಯಿಂದ ಇಳಿದು ಅವಳ ಕೈಗೆ ಕೊಟ್ಟ.

"ಓದಿ ಹೇಳ್ರಿ," ಅಂದಳು.

ಓದಿದ. ಒಳಗೆ ಪಾತ್ರೆಯ ಸಪ್ಪಳ ಮತ್ತೆ ಶುರುವಾಗಲಿಲ್ಲ.