ಕಲೆಯಿಲ್ಲದ ಫಿಲ್ಮು

"ಮೆದುಳು ಸರಿಯಾಗಿಯೇ ಉಂಟು," ಎಂದು ಉಡುಪಿ ಕಡೆಯ ಡಾಕ್ಟರ್ ಶಹಾನಾ ಎಂಆರ್‌ಐ ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದಾಗ ಹೃಷಿಕೇಶನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಲ್ಲಾದರೂ ಒಂದು ಹಳೆಯ ಪೆಟ್ಟಿನ ಕಲೆ ಕಾಣಲಿ ಎಂದು ಅವನು ಬೆಳಗಿನಿಂದ ಹರಕೆ ಹೊತ್ತಿದ್ದ. ಸ್ವಂತ ಮಗಳ ತಲೆಯಲ್ಲಿ ಕಲೆ ಬೇಡುವ ಹರಕೆಯನ್ನು ಯಾವ ದೇವರು ಒಪ್ಪಿಕೊಂಡಾನು? ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಐದು ವರ್ಷದ ಗಗನಾ ಒಮ್ಮೊಮ್ಮೆ ಕಾರಣವಿಲ್ಲದೆ ಕೆರಳಿ, ತನ್ನ ಕೈಯನ್ನೇ ಕಚ್ಚಿಕೊಂಡು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಎಳೆಗೂಸಾಗಿದ್ದಾಗ ತನ್ನ ಮಡಿಲಿಂದ ಜಾರಿ ಬಿದ್ದದ್ದೇ ಇದಕ್ಕೆಲ್ಲ ಮೂಲವೆಂದು ತಾಯಿ ನಳಿನಾಕ್ಷಿ ನಂಬಿದ್ದಳು. ನಂಬಿಕೊಂಡಿರಲಿ ಎಂದು ಹೃಷಿಕೇಶ ಬಾಯಿ ಮುಚ್ಚಿಕೊಂಡಿದ್ದ. ಅವನ ಅಣ್ಣನೂ ಚಿಕ್ಕಂದಿನಿಂದ ಹೀಗೆಯೇ ಕೈ ಕಚ್ಚಿಕೊಳ್ಳುತ್ತಿದ್ದ. ಹೆಣ್ಣು ನೋಡಲು ನಳಿನಾಕ್ಷಿಯ ಮನೆಗೆ ಹೋದಾಗ, ದೊಡ್ಡವನು ಮುಂಬಯಿಯಲ್ಲಿದ್ದಾನೆ ಎಂದು ಮನೆಯವರು ಸಾಗಹಾಕಿದರು. ಇದ್ದದ್ದು ಮಂಗಳೂರಿನ ಹುಚ್ಚಾಸ್ಪತ್ರೆಯಲ್ಲಿ. ಅವನು ಅಲ್ಲಿ ತೀರಿಕೊಂಡಾಗಲೂ ಮುಂಬಯಿಯ ಹೆಸರನ್ನೇ ಹೇಳಿದರು.

"ಹಾಗಾದ್ರೆ ನನ್ನ ಕೈಯಿಂದ ಬಿದ್ದು ಅವಳಿಗೆ ಎಂತ ಆಗ್ಲಿಲ್ವಾ ಡಾಕ್ಟ್ರೇ?" ನಳಿನಾಕ್ಷಿಯ ಮುಖ ಅರಳಿತು. ಕೆಲಸಕ್ಕೆಂದು ಸೌದಿಯ ಈ ಅಭಾ ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ಅವನು ಕಂಡೇ ಇರಲಿಲ್ಲ.

"ಪೆಟ್ಟಿನ ಗುರುತು ಎಂತದೂ ಇಲ್ಲ. ಇಂಥದ್ದು ಕೆಲವು ಸಲ ಕುಟುಂಬದಲ್ಲೇ ಬರ್ತದೆ. ನಿಮ್ಮ ಕಡೆ ಯಾರಿಗಾದ್ರೂ ಹೀಗೆ ಇತ್ತಾ?"

"ನಮ್ಮಲ್ಲಿ ಇಲ್ಲ." ಅವಳು ಗಂಡನ ಕಡೆ ತಿರುಗಿದಳು. "ನಿಮ್ಮಲ್ಲಿ?"

ಡಾಕ್ಟರ್ ಊರಿನವರು, ಮಾತು ಊರು ಮುಟ್ಟೀತು ಎಂದು ಹೃಷಿಕೇಶ ತನಗೆ ತಾನೇ ನೆಪ ಹೇಳಿಕೊಂಡ. ನಿಜವಾಗಿ ಹೆದರಿದ್ದು ನಳಿನಾಕ್ಷಿಗೆ.

"ಯಾರಿಗೂ ಇರ್ಲಿಲ್ಲ," ಎಂದ.

"ಮತ್ತೆ ಕಾರಣ ಹೇಳ್ಲಿಕ್ಕೆ ಕಷ್ಟ," ಎಂದರು ಶಹಾನಾ. "ಸಣ್ಣ ಪೆಟ್ಟೆಲ್ಲ ಫಿಲ್ಮಲ್ಲಿ ಕಾಣ್ತದೆ ಅಂತಿಲ್ಲ."

ನಳಿನಾಕ್ಷಿಯ ನಗು ಇಳಿದುಹೋಯಿತು. "ಕಾಣದ ಪೆಟ್ಟೂ ಇರ್ತದಾ," ಎಂದಳು, ತನ್ನಷ್ಟಕ್ಕೆ. ಈಗಲಾದರೂ ಹೇಳಿಬಿಡು ಎಂದು ಹೃಷಿಕೇಶನ ಮನಸ್ಸು ಚುಚ್ಚಿತು. ಅವನು ಎದ್ದು ಫಿಲ್ಮನ್ನು ಹಲಗೆಯಿಂದ ಬಿಡಿಸಿದ.

ಸ್ಕ್ಯಾನಿಗೆಂದು ಕೊಟ್ಟ ನಿದ್ದೆಮದ್ದಿನ ಮಂಪರಿನಲ್ಲೇ ಗಗನಾ ಬೆಂಚಿನ ಮೇಲೆ ಎದ್ದು ಕೂತು, ಅಮ್ಮನ ಕಡೆ ಎರಡೂ ಕೈ ಚಾಚಿದಳು. ಬಗ್ಗಿದ ನಳಿನಾಕ್ಷಿ ಅರ್ಧಕ್ಕೇ ತಡೆದು, ಕೈಗಳನ್ನು ಇಲ್ಲಿ ಹೆಂಗಸರು ತೊಡುವ ಕಪ್ಪು ನಿಲುವಂಗಿಯ, ಅಬಾಯದ, ಒಳಗೆ ಎಳೆದುಕೊಂಡಳು.

"ನೀವೇ ಎತ್ತಿಕೊಳ್ಳಿ," ಎಂದಳು ಗಂಡನಿಗೆ. "ನನ್ನ ಕೈಯಲ್ಲಿ ಬೇಡ."

ಅವನು ಎತ್ತಿಕೊಂಡು ಬಾಗಿಲಿನತ್ತ ನಡೆದ. ಮಗು ಅವನ ಹೆಗಲ ಮೇಲಿಂದ ಅಮ್ಮನಿಗೇ ಕೈ ಚಾಚುತ್ತಿತ್ತು.