ನೀರುಗಂಟಿಯನ್ನು ಕರೆದ ದಿನ

ನಮ್ಮೂರ ಕೆರೆ ದೇವರಾಯಸಮುದ್ರದ ಕೆರೆಯಷ್ಟು ದೊಡ್ಡದಲ್ಲ. ಆದರೆ ಏರಿ ಒಡೆದರೆ ಅದರ ಕೆಳಗಿರುವ ಐವತ್ತು ಮನೆಗಳನ್ನು ಕೊಚ್ಚಿಕೊಂಡು ಹೋಗುವಷ್ಟು ನೀರು ಅದರಲ್ಲೂ ನಿಲ್ಲುತ್ತದೆ. ಅದನ್ನು ಕಾಯುತ್ತಿದ್ದವನು ನೀರುಗಂಟಿ ದೊಡ್ಡಮುನಿಯಪ್ಪ. ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗಳಿಗೆ ನೀರು ಹಂಚುವುದು, ಏರಿಯಲ್ಲಿ ತೂತು ಬಿದ್ದರೆ ಕೆರೆಯೊಳಗೆ ಮುಳುಗಿ ಹುಲ್ಲು, ಜೇಡಿಮಣ್ಣು ತುರುಕುವುದು, ಎಲ್ಲ ಅವನದೇ. ಊರಿನ ಪಟೇಲರು ನನ್ನ ಗಂಡ ವೆಂಕಟರಮಣಪ್ಪನವರು. ಅವರು ಏರಿಯ ಮೇಲೆ ನಿಂತು ಮೀಸೆ ತಿರುವುತ್ತಿದ್ದರು. ಕೆರೆ ಅದಕ್ಕೇ ಹೆದರಿ ನಿಂತಿದೆ ಅಂತ ಅವರ ನಂಬಿಕೆ.

ಇಸವಿ ಮೂವತ್ತೆಂಟರ ಕಾರ್ತಿಕದಲ್ಲಿ ಒಂದು ವಾರ ಬಿಡದೆ ಮಳೆ ಹೊಡೆದು ಕೋಡಿ ಬಿತ್ತು. ಪಟೇಲರು ಕಚೇರಿ ಕೆಲಸವೆಂದು ಮುಳಬಾಗಿಲಿಗೆ ಹೋದವರು ಹಳ್ಳ ತುಂಬಿ ಅಲ್ಲೇ ಸಿಕ್ಕಿಕೊಂಡಿದ್ದರು. ಹೋಗುವಾಗ ಊರನ್ನು ನನ್ನ ಮೇಲೆ ಹಾಕಿ ಹೋಗಿದ್ದರು. ಹಾಕಿಸಿಕೊಳ್ಳುವುದಕ್ಕೆ ನನಗೂ ಜಂಬವೇ ಇತ್ತು, ಸುಳ್ಳು ಯಾಕೆ ಹೇಳಲಿ.

ದೊಡ್ಡಮುನಿಯಪ್ಪನ ಮಗಳು ಬಚ್ಚಮ್ಮನಿಗೆ ಒಂಬತ್ತು ವರ್ಷ. ಜ್ವರ ಹಿಡಿದು ಹದಿನೆಂಟು ದಿನವಾಗಿತ್ತು. ಆ ದಿನ ಬೆಳಿಗ್ಗೆ ಪಂಡಿತರು ನಾಡಿ ಹಿಡಿದು ನೋಡಿ, ಮಾತಾಡದೆ ಎದ್ದು ಹೋದರಂತೆ. ಸ್ವಲ್ಪ ಹೊತ್ತಿಗೆ ದೊಡ್ಡಮುನಿಯಪ್ಪನ ಹೆಂಡತಿ ಮುನಿಗಂಗಮ್ಮ ನಮ್ಮ ಬಾಗಿಲಿಗೆ ಬಂದು ದೂರದಲ್ಲೇ ನಿಂತಳು.

"ಅಮ್ಮಾವ್ರೆ, ಇವತ್ತೊಂದಿನ ಅವರನ್ನ ಯಾರೂ ಕರೀಬೇಡಿ ಅಂತ ಹೇಳಿ. ಮಗು ಅವರ ಕೈ ಬಿಡ್ತಾ ಇಲ್ಲ. ಕೆಂಪು ನೀರು ಬಂದ್ರೆ ಮಾತ್ರ ಕರೀಬೇಕಂತೆ."

ಏರಿಯ ಹಿಂಬದಿಯ ಬುಡದಲ್ಲಿ ಮಳೆಗಾಲದಲ್ಲಿ ನೀರು ಜಿನುಗುವುದು ಹೊಸದಲ್ಲ. ತಿಳಿನೀರು ಜಿನುಗಿದರೆ ಭಯವಿಲ್ಲ, ಅದು ಏರಿಯ ಬೆವರು ಎನ್ನುತ್ತಿದ್ದ ದೊಡ್ಡಮುನಿಯಪ್ಪ. ನೀರು ಕೆಂಪಾಗಿ ಬಂದರೆ ಏರಿಯ ಮಣ್ಣೇ ಒಳಗಿನಿಂದ ಕರಗಿ ಬರುತ್ತಿದೆ ಎಂದರ್ಥ. ಆಮೇಲೆ ಎರಡು ಗಳಿಗೆಯಲ್ಲೂ ಒಡೆಯಬಹುದು.

"ಕರೆಸೋದಿಲ್ಲ, ಹೋಗೇ. ಮಗು ಹತ್ರ ಇರು" ಎಂದೆ. ಮನಸ್ಸಿನಿಂದಲೇ ಹೇಳಿದ ಮಾತದು.

ಅವಳು ಹೋದ ಮೇಲೆ ಕೊಂಡಪ್ಪ ಬಂದ. ನನ್ನ ಗಂಡನಿಗೆ ದೂರದ ದಾಯಾದಿ, ಕಡ್ಡಿಯನ್ನು ಗುಡ್ಡ ಮಾಡುವ ಮನುಷ್ಯ. "ಅತ್ತಿಗೇ, ಏರಿ ಬುಡದಾಗೆ ನೀರು ಜಾಸ್ತಿ ಆಗೈತೆ. ನೀರುಗಂಟೀನ ಕರೆಸಿ" ಎಂದ.

"ನೀರು ಯಾವ ಬಣ್ಣ?"

"ತಿಳಿಯಾಗೇ ಐತೆ. ಆದ್ರೂನೂ..."

"ಆದ್ರೂನೂ ಇಲ್ಲ, ಗೀದ್ರೂನೂ ಇಲ್ಲ. ಹೋಗಪ್ಪ, ನೋಡ್ಕೊಂಡಿರು" ಎಂದು ಕಳಿಸಿದೆ. ಅಷ್ಟರ ಮಟ್ಟಿಗೆ ನಾನು ಸರಿಯಾಗಿಯೇ ಇದ್ದೆ.

ಮಧ್ಯಾಹ್ನ ಅವನು ಏದುಸಿರು ಬಿಡುತ್ತಾ ಓಡಿಬಂದ. ಮುಖದಲ್ಲಿ ರಕ್ತವಿರಲಿಲ್ಲ. "ಅತ್ತಿಗೇ, ಕೆಂಪು! ಏರಿ ಮೇಲಿಂದ ನೋಡ್ದೆ, ಕಾಲುವೆಯೆಲ್ಲಾ ಕೆಂಪಗೈತೆ!"

ಮೊದಲು ಹೋಗಿ ನೋಡಬೇಕು ಅನ್ನಿಸಿತು. ಆದರೆ ಏರಿಯ ಹಿಂದಿನ ಬುಡ ಗಂಡಸರು ಮೀಯುವ ಜಾಗ. ಪಟೇಲರ ಮನೆಯ ಹೆಂಗಸು ಅಲ್ಲಿಗೆ ಇಳಿಯುವುದಿಲ್ಲ. ನಮ್ಮತ್ತೆ ಇಳಿದಿರಲಿಲ್ಲ, ಅವರ ಅತ್ತೆಯೂ ಇಳಿದಿರಲಿಲ್ಲ. ಹಾಗಾಗಿ ಕೆಳಗಿನ ಕೇರಿಯವರಿಗೆ ಮಕ್ಕಳನ್ನೂ ದನಗಳನ್ನೂ ದಿಬ್ಬಕ್ಕೆ ಹತ್ತಿಸಲು ಹೇಳಿ ಕೊಂಡಪ್ಪನನ್ನು ಓಡಿಸಿ, ನಾನು ದೊಡ್ಡಮುನಿಯಪ್ಪನ ಮನೆಗೆ ಹೋದೆ. ಅಲ್ಲಿಗೂ ನಮ್ಮ ಮನೆಯ ಹೆಂಗಸರು ಯಾರೂ ಹೋದದ್ದಿಲ್ಲ. ಕರೆಯುವುದಕ್ಕೆ ಆ ಕಟ್ಟು ಮುರಿದವಳು ನೋಡುವುದಕ್ಕೆ ಈ ಕಟ್ಟು ಮುರಿಯಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬಾಗಿಲು ತೆರೆದೇ ಇತ್ತು. ಚಾಪೆಯ ಮೇಲೆ ಮಗು ಮಲಗಿತ್ತು. ಅಪ್ಪನ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ನನ್ನನ್ನು ನೋಡುತ್ತಲೇ ಅವನಿಗೆ ತಿಳಿಯಿತು.

"ಕೆಂಪಾ, ಅಮ್ಮಾವ್ರೆ?"

"ಹೂಂ, ದೊಡ್ಡಮುನಿಯಪ್ಪ."

"ನೀವೇ ನೋಡಿದ್ರಾ?"

ಕೊಂಡಪ್ಪ ಹೇಳಿದ ಅಂದರೆ ಇವನು ಏಳುವುದಿಲ್ಲ, ಕೊಂಡಪ್ಪನ ಮಾತು ಊರಿಗೇ ಗೊತ್ತು. ಕೆಳಗಿನ ಐವತ್ತು ಮನೆ ಕಣ್ಣ ಮುಂದೆ ಬಂದವು. "ನೋಡಿದೆ" ಎಂದೆ.

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. ಆಮೇಲೆ ಮಗುವಿನ ಮುಷ್ಟಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. "ನಾಯ್ನಾ" ಎಂದು ಅಪ್ಪನನ್ನು ಕರೆಯಿತು ಮಗು. "ಈಗ ಬಂದ್ಬಿಡ್ತೀನಿ ಕಣಮ್ಮಾ" ಎಂದು ಹೇಳಿ, ಪಂಚೆ ಕಚ್ಚೆ ಹಾಕಿ ಓಡಿದ. ಮುನಿಗಂಗಮ್ಮ ನನ್ನ ಕಡೆ ತಿರುಗಿಯೂ ನೋಡದೆ ಆ ಪುಟ್ಟ ಕೈಗೆ ತನ್ನ ಬೆರಳು ಕೊಟ್ಟಳು. ಮಗು ಹಿಡಿಯಲಿಲ್ಲ.

ಏರಿ ಒಡೆಯಲಿಲ್ಲ, ಒಡೆಯುವ ಹಾಗೂ ಇರಲಿಲ್ಲ. ಜಿನುಗುವ ನೀರು ನಿಂತ ಗುಂಡಿಗೆ ಯಾರದೋ ನಾಲ್ಕು ಎಮ್ಮೆಗಳು ಇಳಿದು ಹೊರಳಾಡುತ್ತಿದ್ದವು. ಕಾಲುವೆಯಲ್ಲಿ ಕೆಂಪಾಗಿ ಹರಿದದ್ದು ಅವು ಕಲಕಿದ ಕೆಸರು. ಎಮ್ಮೆಗಳನ್ನು ಅಟ್ಟಿದ ಮೇಲೆ ನೀರು ಮತ್ತೆ ತಿಳಿಯಾಯಿತಂತೆ. ಹಾಗಿದ್ದರೂ ಅವನು ಕೆರೆಯೊಳಗೆ ಮುಳುಗಿ, ಏರಿಯ ಒಳಮೈಯನ್ನೆಲ್ಲ ಕಾಲಲ್ಲಿ ತಡವಿ ನೋಡಿಯೇ ಮೇಲೆ ಬಂದ. ಕೆಲಸವೆಂದರೆ ಅವನಿಗೆ ಹಾಗೆ. ಮನೆಗೆ ಬರುವಷ್ಟರಲ್ಲಿ ಬಚ್ಚಮ್ಮ ಇರಲಿಲ್ಲ. ಕೊನೆಯವರೆಗೂ ನಾಯ್ನಾ ಎಲ್ಲಿ ಎಂದೇ ಕೇಳಿತಂತೆ.

ಊರು ನನ್ನನ್ನು ಬೈಯಲಿಲ್ಲ. ಹಿಂತಿರುಗಿದ ಪಟೇಲರು "ಒಳ್ಳೇ ಕೆಲಸ ಮಾಡ್ದೆ ಕಣೇ, ಹೆಚ್ಚು ಕಮ್ಮಿ ಆಗಿದ್ರೆ ಏನು ಗತಿ" ಎಂದರು. ನನಗೆ ಅನ್ನ ಸೇರಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ ದೊಡ್ಡಮುನಿಯಪ್ಪ ಗುದ್ದಲಿ ಹೆಗಲಿಗೇರಿಸಿಕೊಂಡು ನಮ್ಮ ಹಿತ್ತಲ ಪಕ್ಕದ ದಾರಿಯಲ್ಲಿ ಕೆಲಸಕ್ಕೆ ಹೊರಟಿದ್ದ. ಅವನನ್ನು ನಿಲ್ಲಿಸಿದೆ.

"ದೊಡ್ಡಮುನಿಯಪ್ಪ, ಅವತ್ತು ನಾನು ನೋಡಿರ್ಲಿಲ್ಲ ಕಣಪ್ಪ. ಸುಳ್ಳು ಹೇಳ್ದೆ."

"ಗೊತ್ತಿತ್ತು ಅಮ್ಮಾವ್ರೆ."

ಹೇಗೆ ಗೊತ್ತಾಯಿತೆಂದು ಅವನೇ ಹೇಳಿದ: "ಏರಿ ಬುಡಕ್ಕೆ ಇಳಿದೋರ ಕಾಲು ಮೊಣಕಾಲ್ಗಂಟ ಕೆಸರಾಗಿರ್ತೈತೆ. ನಿಮ್ಮ ಕಾಲ್ನಾಗೆ ಅರಿಶಿನ ಇತ್ತು."

"ಮತ್ತೆ ಯಾಕಪ್ಪ ಹೋದೆ? ಮಗು ಹತ್ರ ಇರ್ಬೇಕಾಗಿತ್ತು ನೀನು!" ನನಗೇ ಗೊತ್ತಿಲ್ಲದೆ ಅವನ ಮೇಲೆ ರೇಗಿದ್ದೆ. ಅಳು ಬಂದಿತ್ತು.

"ನೀವು ನೋಡಿಲ್ಲ ಅಂತ ಗೊತ್ತು. ಕೆಂಪು ಬಂದಿಲ್ಲ ಅಂತ ನಂಗೆ ಗೊತ್ತಿರ್ಲಿಲ್ವಲ್ಲಾ. ಹೆಂಗೆ ಕೂತ್ಕೊಳ್ಳಲಿ?"

ಗುದ್ದಲಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಎರಡು ಹೆಜ್ಜೆ ಹೋದವನು ತಿರುಗಿ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನಂಗೆ ಇನ್ನೊಂದು ಮಗು ಐತೆ, ಅಮ್ಮಾವ್ರೆ. ಮುಂದಿನ ಸಲ ನೋಡ್ಬಿಟ್ಟು ಕರೀರಿ."